ಸೀತಾಫಲದ ಕಾಲದಲ್ಲಿ ಹೊಲದ ಕಡೆಗೆ ಒಂದು ದಿನ

ದಸರೆಯ ರಜೆಯು ಸಮೀಪಿಸುತ್ತಲೇ ನಮ್ಮ ಶಾಲೆಯ ಹುಡುಗಿಯರ ಬಾಯಲ್ಲಿ ಸೀತಾಫಲದ ಮಾತು ಹುಟ್ಟುತ್ತದೆ. ಗದಗಿನಿಂದ ಡಂಬಳದ ಮಾರ್ಗವಾಗಿ ಮುಂಡರಗಿಯ ಕಡೆಗೆ ಹೋಗುವವರು ಕಪ್ಪತಗುಡ್ಡದ ಸಾಲನ್ನು ಕಾಣುತ್ತಾರೆ. ಅದರ ಬುಡದ ಮಸಾರಿ ಹೊಲಗಳ ಬದುಗಳಲ್ಲಿ ಈ ಗಿಡಗಳು ಯಾರ ಆರೈಕೆಯನ್ನೂ ಬಯಸದೆ ಬೆಳೆದು ನಿಲ್ಲುತ್ತವೆ. ಖಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಪರಿಚಯದವರ ಹೊಲಕ್ಕೆ ಹೋಗಿ, ಹಣ್ಣು ಹರಿದುಕೊಂಡು ಸಂಜೆಗೆ ಮರಳುವುದು ನಮ್ಮ ಅನೇಕ ಪಾಲಕರಿಗೆ ರೂಢಿಯಾಗಿದೆ. ಹಾಗೆ ಹೋಗುವವರು ತಿಳಿದಿರತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ.

ಹೆಸರಿನಲ್ಲಿ ಸೀತೆಯಿದ್ದರೂ ಈ ಗಿಡದ ಮೂಲಸ್ಥಾನವು ಅಮೇರಿಕಾ ಖಂಡದ ಉಷ್ಣಪ್ರದೇಶವಾಗಿದೆ. ಪೋರ್ಚುಗೀಸರ ಕಾಲದಲ್ಲಿ ಅದು ಸಮುದ್ರಮಾರ್ಗವಾಗಿ ನಮ್ಮ ದೇಶಕ್ಕೆ ಬಂತೆಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಪರದೇಶದಿಂದ ಬಂದದ್ದು ಇಲ್ಲಿಯ ಬರಗಾಲದ ನೆಲದಲ್ಲಿ ಇಷ್ಟು ಚೆನ್ನಾಗಿ ನೆಲೆಯೂರಿದ್ದು ಹೇಗೆಂದರೆ, ಬೇಸಿಗೆಯಲ್ಲಿ ಎಲೆಯುದುರಿಸಿ ನೀರಿನ ವೆಚ್ಚವನ್ನು ತಗ್ಗಿಸಿಕೊಳ್ಳುವ ಗುಣ ಅದಕ್ಕುಂಟು. ಅದರ ಎಲೆಗೆ ಕಹಿಯೂ ಒಂದು ಬಗೆಯ ಕಟುವಾದ ವಾಸನೆಯೂ ಇರುವುದರಿಂದ ಆಡುಕುರಿಗಳು ಬಾಯಿ ಹಾಕುವದಿಲ್ಲ. ಆಡು ಬಿಟ್ಟ ಗಿಡ ನಮ್ಮ ಸೀಮೆಯಲ್ಲಿ ಬದುಕಿತೆಂದೇ ತಿಳಿಯಬೇಕು.

ಇದರ ಹೂವು ನೋಡಲಿಕ್ಕೆ ಚೆಲುವಲ್ಲ. ಹಸುರು ಬಣ್ಣದ ದಪ್ಪನೆಯ ಮೂರು ಎಸಳುಗಳು ಕೆಳಮುಖವಾಗಿ ಜೋತಾಡುತ್ತಿರುತ್ತವೆ. ಆದರೆ ಅದರ ಒಳಗಿನ ವ್ಯವಸ್ಥೆಯು ವಿಚಿತ್ರವಾದದ್ದು. ಹೂವಿನ ಹೆಣ್ಣುಭಾಗವು ಮೊದಲು ಪಕ್ವವಾಗುತ್ತದೆ. ಪರಾಗವು ಉದುರುವುದು ಅನಂತರ. ಆದಕಾರಣ ಒಂದು ಹೂವು ತನ್ನ ಪರಾಗದಿಂದ ತಾನೇ ಕಾಯಿಕಟ್ಟುವುದು ಕಷ್ಟ. ಬಹು ಸಣ್ಣ ದುಂಬಿಗಳು ಹೂವಿನಿಂದ ಹೂವಿಗೆ ನುಸುಳಿ ಪರಾಗವನ್ನು ಮುಟ್ಟಿಸಬೇಕು. ಒಣಹವೆಯಲ್ಲಿ ಹೆಣ್ಣುಭಾಗವು ಬೇಗ ಒಣಗಿಹೋಗುತ್ತದೆ. ಮುಂಗಾರು ಹದವಾಗಿ ಬಂದು ಗಾಳಿಯಲ್ಲಿ ತೇವವಿದ್ದರೆ ಕಾಯಿ ಹೆಚ್ಚು ನಿಲ್ಲುತ್ತವೆ. ಹಣ್ಣಿನ ಮೈಮೇಲೆ ಕಾಣುವ ಒಂದೊಂದು ಉಬ್ಬೂ ಮೊದಲು ಹೂವಿನೊಳಗೆ ಬೇರೆ ಬೇರೆಯಾಗಿದ್ದ ಒಂದೊಂದು ಭಾಗವೇ. ಅವೆಲ್ಲ ಬೆಳೆಯುತ್ತ ಕೂಡಿಕೊಂಡು ಒಂದು ಹಣ್ಣಾಗುತ್ತವೆ. ಪರಾಗವು ಮುಟ್ಟದ ಕಡೆ ಉಬ್ಬು ಬೆಳೆಯದೆ ಹಣ್ಣು ಸೊಟ್ಟಗಾಗುತ್ತದೆ. ಸೊಟ್ಟ ಹಣ್ಣಿನ ರುಚಿಗೆ ಇದರಿಂದ ಕೊರತೆಯಿಲ್ಲ, ಮಕ್ಕಳು ಅದನ್ನು ಎಸೆಯಬೇಕಾಗಿಲ್ಲ.

ಇನ್ನು ಹರಿಯುವ ಬಗೆ. ಎರಡು ವರ್ಷಗಳ ಕೆಳಗೆ ನಾಲ್ಕು ಮನೆತನದವರೊಡನೆ ನಾವೂ ಗುಡ್ಡದ ಮಗ್ಗುಲಿನ ಒಂದು ಹೊಲಕ್ಕೆ ಹೋಗಿದ್ದೆವು. ಬಸ್ಸು ಇಳಿದು ನಡೆಯುವಷ್ಟರಲ್ಲಿಯೇ ಮಕ್ಕಳು ಮುಂದೆ ಓಡಿದರು. ನಾವು ಹಿರಿಯರು ಗಿಡದ ನೆರಳಿನಲ್ಲಿ ಬುತ್ತಿಗಂಟು ಇಳಿಸಿ ಮಾತಿಗೆ ಕೂತೆವು, ತಪ್ಪು ನಮ್ಮದೇ. ಅರ್ಧ ತಾಸಿನಲ್ಲಿ ಮಕ್ಕಳು ಎರಡು ಬುಟ್ಟಿ ತುಂಬ ಕಾಯಿ ತಂದು ಸುರಿದರು. ಹೊಲದ ಒಡತಿಯು ಒಂದೆರಡನ್ನು ಕೈಯಲ್ಲಿ ಹಿಡಿದು ನೋಡಿ, "ಅಕ್ಕೋರ, ಕಣ್ಣು ಬಿಡದ ಕಾಯಿ ಹರದ್ರ ನಿಮಗೂ ಇಲ್ಲ, ನಮಗೂ ಇಲ್ಲ" ಎಂದಳು. ಆಕೆ ಸಿಟ್ಟಿನಿಂದ ಆಡಲಿಲ್ಲ, ಅದಕ್ಕೇ ನಮಗೆ ಹೆಚ್ಚು ನಾಚಿಕೆಯಾಯಿತು. ಆ ಬದುವಿನ ಹಣ್ಣನ್ನೇ ಆಕೆ ಬುಟ್ಟಿಯಲ್ಲಿ ಹೊತ್ತು ಗದಗಿನ ಸಂತೆಗೆ ತರುವವಳು. ಆ ದಿನ ನಾವು ಹರಿದದ್ದು ಆಕೆಯ ಮುಂದಿನ ಎರಡು ವಾರಗಳ ಗಳಿಕೆಯಾಗಿತ್ತು. ಅದರ ಬೆಲೆಯನ್ನು ಕೊಟ್ಟೆವು. ಕೊಟ್ಟರೂ ಕಾಯಿ ಹಣ್ಣಾಗಲಿಲ್ಲ: ಮನೆಗೆ ಒಯ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ರಗಾಗಿ ಕಲ್ಲಿನಂತೆ ಉಳಿದವು.

"ಕಣ್ಣು ಬಿಡುವುದು" ಎಂದರೆ ಇಷ್ಟೇ. ಕಾಯಿ ಬಲಿಯುತ್ತ ಬಂದಂತೆ ಉಬ್ಬುಗಳು ಒಂದರಿಂದೊಂದು ದೂರ ಸರಿದು, ನಡುವಿನ ಗೆರೆಯು ಅಗಲವಾಗಿ, ಅಲ್ಲಿ ಹಸುರು ಹೋಗಿ ಕೆನೆಯಂಥ ಹಳದಿ ಬಣ್ಣ ಕಾಣುತ್ತದೆ. ಆಗ ಹರಿದರೆ ಎರಡು ಮೂರು ದಿನಗಳಲ್ಲಿ ತಾನಾಗಿ ಮೆತ್ತಗಾಗುವುದು. ಅದಕ್ಕೆ ಮೊದಲೇ ಹರಿದದ್ದಕ್ಕೆ ಎಷ್ಟು ಹುಲ್ಲು ಹೊದಿಸಿದರೂ ಪ್ರಯೋಜನವಿಲ್ಲ. ಹಣ್ಣನ್ನು ಜಗ್ಗಿ ಕೀಳದೆ ತುಸು ತೊಟ್ಟು ಉಳಿಸಿ ಕತ್ತರಿಸಬೇಕು. ಒಣಹುಲ್ಲಿನಲ್ಲಿ ಒಂದರ ಮೇಲೊಂದು ಒತ್ತದಂತೆ ಇಡಬೇಕು. ಬಲಿತ ಕಾಯಿಯನ್ನು ಹಣ್ಣಾಗುವ ಮೊದಲೇ ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗಿ ಕೆಡುತ್ತದೆ.

ಆ ಸಂಜೆ ಬೋರ್ಡಿಂಗಿನ ಪ್ರಾರ್ಥನೆಯಲ್ಲಿ ಧರ್ಮೋಪದೇಶಕಾಂಡದ 23ನೆಯ ಅಧ್ಯಾಯವನ್ನು ಓದಿಸಿದೆವು. ನೆರೆಯವನ ದ್ರಾಕ್ಷೇತೋಟಕ್ಕೆ ಹೋದವನು ಹೊಟ್ಟೆತುಂಬ ತಿನ್ನಬಹುದು, ಬುಟ್ಟಿಗೆ ಮಾತ್ರ ಹಾಕಿಕೊಳ್ಳಕೂಡದೆಂಬ ಕಟ್ಟಳೆ ಅಲ್ಲಿದೆ. ಹುಡುಗಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಗುಡ್ಡದ ಮೇಲಿನ ಗಿಡಗಳ ವಿಷಯದಲ್ಲಿ ಬೇರೊಂದು ಕಟ್ಟಳೆಯುಂಟು. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದ ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರು ಅರಣ್ಯವು 2019ರಲ್ಲಿ ವನ್ಯಜೀವಿಧಾಮವಾಯಿತು. ಅಪ್ಪಣೆಯಿಲ್ಲದೆ ಅದರೊಳಗೆ ಹೋಗಿ ಏನನ್ನೂ ಕಿತ್ತು ತರುವಂತಿಲ್ಲ. ಹಿಂದೆ ನಾವೂ ಹೋಗುತ್ತಿದ್ದೆವೆಂದು ಹೇಳುವ ಅಜ್ಜಿಯರು ಮೊಮ್ಮಕ್ಕಳಿಗೆ ಇದನ್ನೂ ಹೇಳಬೇಕು. ಹಣ್ಣಿಗಾಗಿ ಪರಿಚಯದ ರೈತರ ಹೊಲವನ್ನೇ ಕೇಳಿಕೊಂಡು ಹೋಗುವುದು ನೆಟ್ಟಗೆ.

ತಾಯಂದಿರು ಮುಂದಿನ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಬೇಡುತ್ತೇವೆ. ತಿಂದು ಉಗುಳಿದ ಬೀಜಗಳನ್ನು ಒಣಗಿಸಿ, ಅರೆದು, ಹೇನು ಸಾಯಲೆಂದು ತಲೆಗೆ ಹಚ್ಚುವ ಪದ್ಧತಿಯು ನಮ್ಮಲ್ಲಿ ಇನ್ನೂ ಇದೆ. ಹೇನು ಸಾಯುವುದು ನಿಜ. ಏಕೆಂದರೆ ಆ ಬೀಜದಲ್ಲಿ ಹುಳಗಳನ್ನು ಕೊಲ್ಲುವ ವಿಷವಿದೆ. ಅದೇ ಪುಡಿಯ ಕಣವು ಕಣ್ಣಿಗೆ ಬಿದ್ದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯು ಸುಟ್ಟಂತಾಗಿ ಹುಣ್ಣಾಗುತ್ತದೆ. ರಜೆ ಮುಗಿಸಿ ಬಂದ ನಮ್ಮ ಒಬ್ಬ ಬೋರ್ಡಿಂಗ್ ಹುಡುಗಿಯು ತಲೆ ತೊಳೆದುಕೊಳ್ಳುವಾಗ ಹೀಗಾಗಿ, ಮೂರು ದಿನ ಬೆಳಕನ್ನೇ ನೋಡಲಾರದೆ ಗೋಡೆಯ ಕಡೆಗೆ ಮುಖಮಾಡಿ ಮಲಗಿದ್ದಳು. ವೈದ್ಯರ ಉಪಚಾರದಿಂದ ಕಣ್ಣು ಉಳಿಯಿತು, ದೇವರಿಗೆ ಸ್ತೋತ್ರ. ಹೀಗೇನಾದರೂ ಆದರೆ ಕಣ್ಣನ್ನು ಉಜ್ಜದೆ, ಕೂಡಲೇ ಸ್ವಚ್ಛವಾದ ನೀರಿನಿಂದ ಕಾಲುತಾಸಾದರೂ ತೊಳೆಯುತ್ತಿದ್ದು, ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಒಯ್ಯಬೇಕು. ಎಣ್ಣೆ, ಎದೆಹಾಲು ಮುಂತಾದವನ್ನು ಹಾಕಬಾರದು. ಹೇನಿಗೆ ಹಣಿಗೆಯೂ ಔಷಧದಂಗಡಿಯ ಮದ್ದೂ ಸಾಕು. ಮಕ್ಕಳು ತಿಳಿಯದೆ ಇಡೀ ಬೀಜವನ್ನು ನುಂಗಿದರೆ ಸಾಮಾನ್ಯವಾಗಿ ಗಾಬರಿಪಡುವ ಕಾರಣವಿಲ್ಲ, ಗಟ್ಟಿ ಸಿಪ್ಪೆಯಿರುವುದರಿಂದ ಅದು ಹಾಗೆಯೇ ಹೊರಬೀಳುತ್ತದೆ. ಅರೆದದ್ದೂ ಅಗಿದದ್ದೂ ಅಪಾಯಕರ.

ಆ ವರ್ಷ ಹಣ್ಣಾದ ಕೆಲವೇ ಕಾಯಿಗಳ ಬೀಜಗಳನ್ನು ಹುಡುಗಿಯರು ನೀರಿನಲ್ಲಿ ನೆನೆಯಿಸಿ ಬೋರ್ಡಿಂಗಿನ ಹಿಂದಿನ ಗೋಡೆಯ ಬದಿಗೆ ಊರಿದರು. ತಿಂಗಳು ಕಳೆದ ಮೇಲೆ ಐದು ಸಸಿಗಳು ಎದ್ದವು. ಫಲ ಕಾಣಲಿಕ್ಕೆ ಇನ್ನೂ ಒಂದೆರಡು ವರ್ಷ ಬೇಕು. ಊರಿದವರು ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿರುತ್ತಾರೆ. ಈ ನಡುವೆ ಬೇಲಿ ಮುರಿದು ಆಡುಗಳು ಎರಡು ಸಲ ಒಳನುಗ್ಗಿ ನಮ್ಮ ದಾಸವಾಳವನ್ನೆಲ್ಲ ಮೇಯ್ದುಬಿಟ್ಟವು. ಸೀತಾಫಲದ ಸಸಿಗಳನ್ನು ಮೂಸಿ ನೋಡಿ ಮುಂದೆ ಹೋದವು.