ಮುಚ್ಚಿಗೆಯ ನಡುವಿನ ಕಪ್ಪು

ದೀಪಾವಳಿ ಕಳೆದು ಪುತ್ತೂರು, ಸುಳ್ಯ, ಕಡಬದ ಬಯಲುಗಳಲ್ಲಿ ಯಕ್ಷಗಾನದ ಆಟ ಶುರುವಾಯಿತೆಂದರೆ ಪತ್ತನಾಜೆಯವರೆಗೆ ಮದ್ದಳೆಗೆ ಬಿಡುವಿಲ್ಲ. ಅದರ ಬಲ ಮುಚ್ಚಿಗೆ, ಅಂದರೆ ಬಲಬದಿಯ ಚರ್ಮದ ಹೊದಿಕೆ, ಭಾಗವತರ ಶ್ರುತಿಗೆ ಕೂಡಲೇಬೇಕು. ನಮಗೆ ಇದು ಸಹಜವೆನಿಸುತ್ತದೆ. ಭೌತಶಾಸ್ತ್ರದ ಪ್ರಕಾರ ಬಿಗಿದ ಚರ್ಮಕ್ಕೆ ಇದು ಸಹಜವೇ ಅಲ್ಲ.

ಪಿಯಾನೋದ ತಂತಿಯನ್ನು ಸುತ್ತಿಗೆ ಹೊಡೆದಾಗ ಮೂಲ ಕಂಪನದ ಜೊತೆ ಹೆಚ್ಚುಕಡಿಮೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳೂ ಹುಟ್ಟುತ್ತವೆ. ಅವೆಲ್ಲ ಬೆರೆತು ಕಿವಿಗೆ ಒಂದೇ ಸ್ವರವಾಗುತ್ತದೆ. ಬರಿ ಚರ್ಮದಲ್ಲಾದರೆ ಆ ಲೆಕ್ಕ 1.59, 2.14, 2.30 ಹೀಗೆ ಅಡ್ಡಾದಿಡ್ಡಿ. ಆದ್ದರಿಂದ ಅಲ್ಲಿ ಸದ್ದಿದೆ, ಸ್ವರವಿಲ್ಲ.

ಇದನ್ನು ಸರಿಪಡಿಸುವುದು ಮುಚ್ಚಿಗೆಯ ನಡುವಿನ ಕಪ್ಪು ಕರ್ಣ. ಅನ್ನದೊಂದಿಗೆ ಕಿಟ್ಟದ ಕಲ್ಲಿನ ನುಣ್ಣನೆಯ ಪುಡಿ ಅರೆದು, ತೆಳುವಾಗಿ ಹಚ್ಚಿ, ಕಲ್ಲಿನಿಂದ ಉಜ್ಜಿ, ಒಣಗಿದ ಮೇಲೆ ಮತ್ತೊಂದು ಪದರ. ನಡುವೆ ದಪ್ಪ, ಅಂಚಿಗೆ ತೆಳು. ಉಜ್ಜುವಾಗ ತೀರ ಸಣ್ಣ ಬಿರುಕುಗಳು ಏಳುತ್ತವೆ. ಅವು ಬೇಕೇ ಬೇಕು, ಇಲ್ಲದಿದ್ದರೆ ಚರ್ಮ ಬಾಗದು. ಮೂಲ ಕಂಪನದಲ್ಲಿ ಮುಚ್ಚಿಗೆಯ ನಡುವೇ ಹೆಚ್ಚು ಅಲುಗುವುದರಿಂದ ಈ ಭಾರ ಅದನ್ನು ಚೆನ್ನಾಗಿ ತಗ್ಗಿಸುತ್ತದೆ. ಮುಂದಿನ ಕಂಪನದಲ್ಲಿ ಮುಚ್ಚಿಗೆಯ ಒಂದು ಬದಿ ಏಳುವಾಗ ಇನ್ನೊಂದು ಬದಿ ಇಳಿಯುತ್ತದೆ, ನಡುಗೆರೆ ಅಲುಗುವುದೇ ಇಲ್ಲ. ಅದಕ್ಕೆ ಈ ಭಾರ ಅಷ್ಟಾಗಿ ತಟ್ಟದು. 1.59 ಇದ್ದ ಅನುಪಾತ 2ರತ್ತ ಸರಿಯುವುದು ಹೀಗೆ.

ಸಿ.ವಿ. ರಾಮನ್ 1920ರಲ್ಲಿ ಪಿಯಾನೋ ಸುತ್ತಿಗೆಯ ಹೊಡೆತದ ಬಗ್ಗೆಯೂ ನಮ್ಮ ಚರ್ಮವಾದ್ಯಗಳ ಬಗ್ಗೆಯೂ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಒಂಬತ್ತು ಬಗೆಯ ಕಂಪನಗಳು ಐದು ಸ್ವರಾಂಶಗಳಾಗಿ ಕೂಡಿಕೊಳ್ಳುವುದನ್ನು ವಿವರಿಸಿದರು. ಅವರ ಮುಂದಿದ್ದದ್ದು ಮೃದಂಗ, ತಬಲ. ಮದ್ದಳೆಯೂ ಅದೇ ಕುಲದ್ದು. ರಾಮನ್ ಲೆಕ್ಕ ಹಾಕುವ ಎಷ್ಟೋ ಮೊದಲೇ ಮುಚ್ಚಿಗೆ ಕಟ್ಟುವವರ ಕೈ ಮತ್ತು ಕಿವಿ ಇದನ್ನು ಸಾಧಿಸಿದ್ದವು. ಇದನ್ನು ವಿಜ್ಞಾನವೆಂದೇ ಕರೆಯಬೇಕು. ಆದರೆ ಆ ಕೈಗಳ ಹೆಸರು ಎಲ್ಲಿದೆ?

1853ರಲ್ಲಿ ನ್ಯೂಯಾರ್ಕಿನಲ್ಲಿ ಪಿಯಾನೋ ತಯಾರಿಕೆ ಶುರುಮಾಡಿದ ಸ್ಟೈನ್‌ವೇ ಕುಟುಂಬ 1972ರಲ್ಲಿ ಕಂಪನಿಯನ್ನು ಮಾರಿತು. ಆದರೂ ಸ್ಟೈನ್‌ವೇ ಪಿಯಾನೋಗಳ ಮೇಲೆ ಆ ಮನೆತನದ ಹೆಸರು ಇವತ್ತಿಗೂ ಇದೆ. ನಮ್ಮಲ್ಲಿ ಚರ್ಮ ಮುಟ್ಟುವ ಕೆಲಸವನ್ನು ಜಾತಿಯ ಕಣ್ಣಿನಿಂದ ನೋಡಿ, ವಾದ್ಯವನ್ನು ಪೂಜಿಸಿ, ಕಟ್ಟಿದವರನ್ನು ಹೊರಗಿಟ್ಟೆವು. ತಂಜಾವೂರಿನ ಸೆಬಾಸ್ಟಿಯನ್ ಮನೆತನದಂಥ ಮೃದಂಗ ತಯಾರಕರ ಬದುಕು ಗಾಯಕ ಟಿ.ಎಂ. ಕೃಷ್ಣರ ಪುಸ್ತಕದಲ್ಲಿ ದಾಖಲಾದದ್ದು 2020ರಲ್ಲಿ. ಇಲ್ಲಿಯ ಮದ್ದಳೆಗಾರರಿಗೆ ತಮ್ಮ ಮುಚ್ಚಿಗೆ ಕಟ್ಟಿಕೊಡುವವರ ಮನೆ ಗೊತ್ತೇ ಇರುತ್ತದೆ. ಆಟದ ಕರಪತ್ರದಲ್ಲಿ ಹಿಮ್ಮೇಳದವರ ಕೆಳಗೆ ಅವರ ಹೆಸರಿಗೂ ಒಂದು ಸಾಲು ಕೊಡಬಹುದಲ್ಲ?