ತಿಪ್ಪೆಯೊಳಗೆ ಎಷ್ಟು ಕಾವು, ಹೇಳಿ ನೋಡೋಣ!

ಹೊಲದ ಬದಿಯಲ್ಲಿ ಒಂದು ತಿಪ್ಪೆ. ಸಗಣಿ, ಒಣಹುಲ್ಲು, ಉದುರಿದ ಎಲೆ, ತರಕಾರಿ ಸಿಪ್ಪೆ. ನೀರು ಚಿಮುಕಿಸಿ ಎದೆಮಟ್ಟಕ್ಕೆ ಒಟ್ಟಿದ್ದಾರೆ. ಬೆಂಕಿ ಹಚ್ಚಿಲ್ಲ. ಮರದ ನೆರಳು ಬೇರೆ. ನಾಲ್ಕೈದು ದಿನ ಕಳೆದಿದೆ. ಈಗ ಅದರ ನಟ್ಟನಡುವೆ ಎಷ್ಟು ಡಿಗ್ರಿ ಕಾವು ಇದ್ದೀತು? ಊಹಿಸಿ!

30? ಇಲ್ಲ, ಮೇಲೆ ಹೋಗಿ. 40? ಇನ್ನೂ ಮೇಲೆ!

ಒಂದು ಕಬ್ಬಿಣದ ಸಲಾಕೆ ತನ್ನಿ. ತಿಪ್ಪೆಯ ಹೊಟ್ಟೆಗೆ ಚುಚ್ಚಿ. ಹತ್ತು ನಿಮಿಷ ಬಿಟ್ಟು ಎಳೆದು ತುದಿಯನ್ನು ಮುಷ್ಟಿಯಲ್ಲಿ ಹಿಡಿಯಿರಿ. ಹಿಡಿಯಲಾರಿರಿ! ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. ಚಳಿಗಾಲದ ಬೆಳಗಿನಲ್ಲಿ ಗುದ್ದಲಿಯಿಂದ ಬಗೆದರೆ ಗುಪ್ಪೆಂದು ಹಬೆ ಏಳುತ್ತದೆ. ಒಳಗೆಲ್ಲ ಬೂದಿ ಎರಚಿದ ಹಾಗೆ ಬೆಳ್ಳಗಿನ ಪುಡಿ. ಅದು ಬೂದಿಯಲ್ಲ. ಜೀವ! ಆಕ್ಟಿನೊಮೈಸಿಟ್ಸ್ ಎಂಬ ಸೂಕ್ಷ್ಮಜೀವಿಗಳ ಎಳೆಗಳು ಅವು. ಮೊದಲ ಮಳೆಗೆ ನೆಲದಿಂದ ಬರುವ ಆ ಘಮ ಇದೆಯಲ್ಲ, ಅದರಲ್ಲಿ ಇವುಗಳದೇ ದೊಡ್ಡ ಪಾಲು.

ಸರಿ, ಅಂಕಿ ಹೇಳಿಬಿಡುತ್ತೇನೆ. 60ರಿಂದ 70 ಡಿಗ್ರಿ ಸೆಲ್ಸಿಯಸ್!

ಹಚ್ಚಿದವರು ಯಾರು? ಒಂದು ಗ್ರಾಂ ಗೊಬ್ಬರದಲ್ಲಿ 100 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಇರಬಲ್ಲವು. ಅವು ತಿನ್ನುತ್ತವೆ, ಉಸಿರಾಡುತ್ತವೆ, ಶಾಖ ಬಿಡುತ್ತವೆ. ರಾಶಿ ದಪ್ಪವಾಗಿದ್ದರೆ ಶಾಖ ಹೊರಗೆ ಹೋಗಲಾರದೆ ಒಳಗೇ ಏರುತ್ತದೆ. 45 ದಾಟಿತೋ, ಮೊದಲ ತಂಡ ಸಾಯುತ್ತದೆ, ಬಿಸಿಯಲ್ಲೇ ಬದುಕುವ ಎರಡನೆಯ ತಂಡ ಕೆಲಸಕ್ಕೆ ಇಳಿಯುತ್ತದೆ. ಆ ತಂಡದಲ್ಲಿ ಯಾರಿದ್ದಾರೆ ಗೊತ್ತೇ? ಥರ್ಮಸ್ ಕುಲದ ಬ್ಯಾಕ್ಟೀರಿಯಾ! ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಗಳಲ್ಲಿ 1960ರ ದಶಕದಲ್ಲಿ ಪತ್ತೆಯಾದ ಕುಲ ಅದು. ಕೊರೊನಾ ಕಾಲದಲ್ಲಿ ನಾವೆಲ್ಲ ಮೂಗು ಒಡ್ಡಿದ ಪಿಸಿಆರ್ ಪರೀಕ್ಷೆಯ ತಂತ್ರ ಬೆಳೆದದ್ದೇ ಆ ಕುಲದ ಒಂದು ಜೀವಿಯ ಕಿಣ್ವದಿಂದ. ಬುಗ್ಗೆಯ ಆ ಜೀವಿಯ ಬಂಧುಗಳು ಬಿಸಿ ಗೊಬ್ಬರದ ರಾಶಿಗಳಲ್ಲೂ ಸಿಕ್ಕಿವೆ!

ಇದಕ್ಕೂ ನಾಳೆ ನಿಮ್ಮ ಮನೆಯಲ್ಲಿ ಮಾಡುವ ಸೊಪ್ಪಿನ ಸಾರಿಗೂ ಏನು ಸಂಬಂಧ ಅಂತೀರಾ? ಸಂಬಂಧವೆಲ್ಲ ಇಲ್ಲೇ ಇರುವುದು!

ಗೊಬ್ಬರದೊಂದಿಗೆ ಸೊಪ್ಪಿನ ಮಡಿಗೆ ಸೇರಬಲ್ಲ ಜಂತುಹುಳು ಗೊತ್ತಲ್ಲ? ಒಂದು ಹೆಣ್ಣು ದುಂಡುಹುಳು ದಿನಕ್ಕೆ ಎಷ್ಟು ಮೊಟ್ಟೆ ಇಡುತ್ತದೆ? ನೂರು? ಸಾವಿರ? ಸುಮಾರು 2 ಲಕ್ಷ! ದಿನಕ್ಕೆ! ಒಂದೊಂದಕ್ಕೂ ಗಟ್ಟಿ ಚಿಪ್ಪು. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು. ಮಳೆಗೆ ಜಗ್ಗುವುದಿಲ್ಲ. ಆದರೆ 55 ಡಿಗ್ರಿಯ ತಿಪ್ಪೆಯಲ್ಲಿ ಕೆಲವು ದಿನ ಕೂತರೆ ಮುಗಿಯಿತು. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳಾದ ಸಾಲ್ಮೊನೆಲ್ಲಾ, ಇ. ಕೋಲಿಗಳ ಕಥೆಯೂ ಅಷ್ಟೇ.

55. ಈ ಅಂಕಿ ನೆನಪಿಡಿ. ಅಮೆರಿಕದ ಸಾವಯವ ನಿಯಮ ಇದರ ಮೇಲೇ ನಿಂತಿದೆ. ಉದ್ದ ಸಾಲಾಗಿ ಒಟ್ಟಿದ ರಾಶಿಯಾದರೆ 55ರಿಂದ 77 ಡಿಗ್ರಿ ಕಾವು 15 ದಿನ ಇರಬೇಕು. ಆ ಅವಧಿಯಲ್ಲಿ ಕನಿಷ್ಠ 5 ಸಲ ತಿರುವಿ ಹಾಕಬೇಕು. ತಿರುವುವುದು ಯಾಕೆ? ರಾಶಿಯ ಹೊರಮೈ ತಣ್ಣಗಿರುತ್ತದೆ, ರೋಗಾಣುಗಳು ಉಳಿದುಕೊಳ್ಳುವುದು ಅಲ್ಲೇ!

ಅಂದ ಹಾಗೆ, ಜಗತ್ತಿನ ಗೊಬ್ಬರದ ಪಠ್ಯಗಳಲ್ಲಿ ಭಾರತದ ಎರಡು ಊರುಗಳ ಹೆಸರು ಶಾಶ್ವತವಾಗಿ ಉಳಿದಿದೆ. ಒಂದು ಇಂದೋರ್, ಕೃಷಿವಿಜ್ಞಾನಿ ಆಲ್ಬರ್ಟ್ ಹೋವರ್ಡ್ ಗೊಬ್ಬರದ ಮೇಲೆ ಕೆಲಸ ಮಾಡಿದ ಊರು. ಇನ್ನೊಂದು? ನಮ್ಮ ಬೆಂಗಳೂರು! ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ್ದು ‘ಬೆಂಗಳೂರು ವಿಧಾನ’. ಊರ ಕಸ, ಮಲ, ಮತ್ತೆ ಕಸ, ಹೀಗೆ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ ಮೇಲೆ ಮಣ್ಣು ಮೆತ್ತುವುದು. ತಿರುವುವ ಕೂಲಿಯಿಲ್ಲ. ಮೊದಲ ಕೆಲವು ದಿನ ಕಾವು, ಆಮೇಲೆ ಆರೆಂಟು ತಿಂಗಳು ನಿಧಾನದ ಮಾಗುವಿಕೆ. ಮಸಾಲೆದೋಸೆಗೆ ಹೆಮ್ಮೆಪಡುವ ನಾವು ಇದಕ್ಕೂ ಅಷ್ಟೇ ಹೆಮ್ಮೆಪಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕಾವು ಕಾಣದ ಗೊಬ್ಬರ ಹಾಕಿದರೆ ಏನಾಗುತ್ತದೆ? ಉಸಿರು ಬಿಗಿಹಿಡಿದು ಓದಿ. ಅಮೆರಿಕದ ಜಾರ್ಜಿಯಾದಲ್ಲಿ ಸಂಶೋಧಕರು ಗೊಬ್ಬರಕ್ಕೆ ಬೇಕೆಂದೇ ಇ. ಕೋಲಿ ಓ157 ಬೆರೆಸಿ ಹೊಲಕ್ಕೆ ಹಾಕಿದರು. ಅದೂ ವಿಷ ಉಗುಳದಂತೆ ಮಾಡಿದ ತಳಿ. ಆ ಮಣ್ಣಿನಲ್ಲಿ ಲೆಟ್ಯೂಸ್, ಪಾರ್ಸ್ಲಿ ನೆಟ್ಟರು. 2004ರಲ್ಲಿ ಫಲಿತಾಂಶ ಬಂತು. ಸಸಿ ನೆಟ್ಟ ಮೇಲೆ ಲೆಟ್ಯೂಸ್ ಎಲೆಯಲ್ಲಿ ಆ ಬ್ಯಾಕ್ಟೀರಿಯಾ ಎಷ್ಟು ದಿನ ಸಿಕ್ಕಿತು? 77 ದಿನ! ನಮ್ಮ ಕೊತ್ತಂಬರಿಯ ಹತ್ತಿರದ ನೆಂಟ ಪಾರ್ಸ್ಲಿಯಲ್ಲಿ? 177 ದಿನ!

ಈಗ ಇನ್ನೊಂದು ಲೆಕ್ಕ ಹಾಕಿ. ಹಸಿ ಸಗಣಿ ಹಾಕಿದರೆ, ಮಣ್ಣಿಗೆ ತಾಗುವ ಬೆಳೆಯ ಕೊಯ್ಲಿಗೆ 120 ದಿನ ಕಾಯಬೇಕು ಎನ್ನುತ್ತದೆ ಅದೇ ಅಮೆರಿಕದ ನಿಯಮ. ದಂಟಿನ ಸೊಪ್ಪು, ಮೆಂತ್ಯ ಎಷ್ಟು ದಿನಕ್ಕೆ ಕೊಯ್ಲಿಗೆ ಬರುತ್ತವೆ? ಸುಮಾರು 25-30 ದಿನಕ್ಕೆ! ಅಂದರೆ ಹಸಿ ಗೊಬ್ಬರ ಹಾಕಿದ ಮಡಿಯಲ್ಲಿ ಮೂರು ಬೆಳೆ ತೆಗೆದರೂ ಆ ಗಡುವು ಮುಗಿದಿರುವುದಿಲ್ಲ. ಸೊಪ್ಪಿನ ಮಡಿಗೆ ಹಸಿ ಕೋಳಿಗೊಬ್ಬರ ಎರಚುವುದು ಎಷ್ಟು ದೊಡ್ಡ ತಪ್ಪು ಎಂದು ಇದಕ್ಕಿಂತ ಚೆನ್ನಾಗಿ ಯಾವ ಅಂಕಿಯೂ ಹೇಳಲಾರದು.

ಹಾಗಾದರೆ ಗೊಬ್ಬರವನ್ನು ಕುದಿಸಿ, ಒಂದೇ ಒಂದು ಸೂಕ್ಷ್ಮಜೀವಿಯೂ ಉಳಿಯದಂತೆ ಮಾಡಿಬಿಟ್ಟರೆ? ಪೂರ್ತಿ ಸುರಕ್ಷಿತ ಅಲ್ಲವೇ?

ಅಲ್ಲ! ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿ ಇದೇ. ಪೂರ್ತಿ ನಿರ್ಜೀವಗೊಳಿಸಿದ ಗೊಬ್ಬರಕ್ಕೆ ಸಾಲ್ಮೊನೆಲ್ಲಾ ಬಿದ್ದರೆ ಅದು ಸೊಂಪಾಗಿ ಬೆಳೆಯುತ್ತದೆ. ತಡೆಯುವವರೇ ಇಲ್ಲ! ಚೆನ್ನಾಗಿ ಮಾಗಿದ, ಜೀವ ತುಂಬಿದ ಗೊಬ್ಬರದಲ್ಲಿ ಅದೇ ಸಾಲ್ಮೊನೆಲ್ಲಾಕ್ಕೆ ಜಾಗವಿಲ್ಲ, ಊಟವಿಲ್ಲ. ಸ್ಥಳೀಯ ಜೀವಿಗಳು ಅದನ್ನು ಹಸಿವಿನಲ್ಲೇ ಕೊಲ್ಲುತ್ತವೆ. ಕೆಲವು ಆ್ಯಂಟಿಬಯಾಟಿಕ್ ಕೂಡ ತಯಾರಿಸುತ್ತವೆ. ಕ್ಷಯರೋಗದ ಮೊದಲ ಮದ್ದು ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಎಲ್ಲಿಂದ ಸಿಕ್ಕಿತು? ಚೆನ್ನಾಗಿ ಗೊಬ್ಬರ ಹಾಕಿದ ಹೊಲದ ಮಣ್ಣಿನ ಒಂದು ಆಕ್ಟಿನೊಮೈಸಿಟ್‌ನಿಂದ! ಹೌದು, ಸಲಾಕೆ ಚುಚ್ಚಿದ ತಿಪ್ಪೆಯಲ್ಲಿ ಕಂಡ ಬಿಳಿ ಪುಡಿಯ ಕುಟುಂಬವೇ.

ಇಷ್ಟು ಸುರಕ್ಷತೆಯ ಮಾತಾಯಿತು. ಪೌಷ್ಟಿಕತೆ?

ಯೂರಿಯಾದಲ್ಲಿ 46 ಶೇಕಡಾ ಸಾರಜನಕ. ಮಣ್ಣಿಗೆ ಬಿದ್ದ ಕೆಲವೇ ವಾರಗಳಲ್ಲಿ ಬಹುಪಾಲು ನೈಟ್ರೇಟ್ ಆಗುತ್ತದೆ. ಸೊಪ್ಪು ಅದನ್ನು ಗಟಗಟ ಕುಡಿಯುತ್ತದೆ. ನೈಟ್ರೇಟನ್ನು ಪ್ರೋಟೀನ್ ಮಾಡಲು ಬೆಳಕು ಬೇಕು. ಮೋಡ ಕವಿದ ದಿನ? ಮಾಡಲಾಗದ್ದೆಲ್ಲ ಎಲೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ದಂಟಿನಲ್ಲಿ ಶೇಖರವಾಗುತ್ತದೆ. ಎಲೆ ಕಡುಹಸಿರು, ನೋಡಲು ಭರ್ಜರಿ. ಆದರೆ ಸಾರಜನಕ ಹೆಚ್ಚಿದಷ್ಟೂ ಸಿ ವಿಟಮಿನ್ ಇಳಿಯುತ್ತದೆ!

ತಿಪ್ಪೆಗೊಬ್ಬರ ಅಷ್ಟು ಉದಾರಿಯಲ್ಲ. ತನ್ನ ಸಾರಜನಕದಲ್ಲಿ ಸಾಮಾನ್ಯವಾಗಿ ಕಾಲುಭಾಗವನ್ನೂ ಮೊದಲ ವರ್ಷ ಬಿಟ್ಟುಕೊಡುವುದಿಲ್ಲ. ಗಿಡ ನಿಧಾನಕ್ಕೆ ಉಣ್ಣುತ್ತದೆ, ನೈಟ್ರೇಟ್ ಗುಡ್ಡೆ ಹಾಕುವುದಿಲ್ಲ. ಎಷ್ಟು ವ್ಯತ್ಯಾಸ? ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ 343 ಅಧ್ಯಯನಗಳನ್ನು ಜರಡಿ ಹಿಡಿದ ವರದಿ 2014ರಲ್ಲಿ ಬಂತು. ಸಾವಯವ ಬೆಳೆಗಳಲ್ಲಿ ನೈಟ್ರೇಟ್ ಸರಾಸರಿ 30 ಶೇಕಡಾ ಕಡಿಮೆ! ಆ್ಯಂಟಿಆಕ್ಸಿಡೆಂಟ್‌ಗಳು ಬಗೆಗೆ ತಕ್ಕಂತೆ 19ರಿಂದ 69 ಶೇಕಡಾ ಹೆಚ್ಚು! ಇದು ಎಲ್ಲ ಬೆಳೆ ಸೇರಿದ ಲೆಕ್ಕ, ಸೊಪ್ಪಿನದು ಮಾತ್ರವಲ್ಲ. ಆದರೂ ದಿಕ್ಕು ಸ್ಪಷ್ಟ. ಹಾಗಂತ ಗೊಬ್ಬರವನ್ನೂ ಸಿಕ್ಕಾಪಟ್ಟೆ ಸುರಿದರೆ, ಅದರಲ್ಲೂ ಕೋಳಿಗೊಬ್ಬರವನ್ನು, ನೈಟ್ರೇಟ್ ಮತ್ತೆ ಏರುತ್ತದೆ.

ನೈಟ್ರೇಟ್ ಖಳನಾಯಕನೇ? ಇಲ್ಲೂ ಒಂದು ಅಚ್ಚರಿ! ನಮ್ಮ ಬಾಯಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ದೇಹ ನೈಟ್ರಿಕ್ ಆಕ್ಸೈಡ್ ಮಾಡುತ್ತದೆ, ರಕ್ತನಾಳ ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ. ಆದ್ದರಿಂದ ದೊಡ್ಡವರು ಹೆದರಿ ಸೊಪ್ಪು ಬಿಡಬೇಡಿ. ಎಚ್ಚರ ಬೇಕಿರುವುದು ಎಳೆಗೂಸುಗಳ ವಿಷಯದಲ್ಲಿ. ಬೇಯಿಸಿ ಹೊರಗೇ ಇಟ್ಟ ಸೊಪ್ಪಿನಲ್ಲಿ ನೈಟ್ರೈಟ್ ಏರುತ್ತದೆ. ಅದನ್ನು ಮಗುವಿಗೆ ಕೊಡಲೇಬಾರದು.

ನೈಟ್ರೇಟ್ ನೀರಿನಲ್ಲಿ ಕರಗುತ್ತದೆ. ಬೇಯಿಸಿ ನೀರು ಚೆಲ್ಲುವವರ ಮನೆಯಲ್ಲಿ ಒಂದಿಷ್ಟು ಹೊರಟುಹೋಗುತ್ತದೆ. ನಾವು? ಬಸಿದ ಕಟ್ಟಿನಲ್ಲೇ ಬಸ್ಸಾರು ಮಾಡುವವರು! ಸಿ ವಿಟಮಿನ್, ಪೊಟ್ಯಾಸಿಯಂ, ನೈಟ್ರೇಟ್ ಎಲ್ಲವೂ ಆ ಕಟ್ಟಿಗೆ ಇಳಿಯುತ್ತವೆ. ಸೊಪ್ಪು ಯಾವ ಗೊಬ್ಬರದಲ್ಲಿ ಬೆಳೆಯಿತು ಎನ್ನುವುದು ನಮ್ಮಷ್ಟು ಯಾರಿಗೆ ಮುಖ್ಯವಾದೀತು?

ಒಂದನ್ನು ಮಾತ್ರ ಯಾವ ಕಾವೂ ಸುಡಲಾರದು. ಸೀಸ, ಕ್ಯಾಡ್ಮಿಯಂ! ಬ್ಯಾಟರಿ, ಬಣ್ಣದ ಡಬ್ಬಿ ಬೆರೆತ ನಗರದ ಕಸದಿಂದ ಗೊಬ್ಬರ ಮಾಡಿದರೆ ಅವು ಹಾಗೇ ಉಳಿಯುತ್ತವೆ. ಕ್ಯಾಡ್ಮಿಯಂ ಹೀರುವುದರಲ್ಲಿ ಸೊಪ್ಪು ಬಹಳ ಮುಂದು. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟ್‌ನಲ್ಲಿ ಕಿಲೋಗೆ 5 ಮಿಲಿಗ್ರಾಂ ಕ್ಯಾಡ್ಮಿಯಂ, 100 ಮಿಲಿಗ್ರಾಂ ಸೀಸ ಮೀರುವಂತಿಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ದಿನವೂ ಹೇಳುವುದು ಸುಮ್ಮನೆ ಅಲ್ಲ!

ತಾರಸಿಯಲ್ಲಿ ಸೊಪ್ಪು ಬೆಳೆಯುವವರೇ, ನಿಮಗೊಂದು ಮಾತು. ರಾಶಿ ಸುಮಾರು ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ ಇಲ್ಲದಿದ್ದರೆ ಕಾವು ಒಳಗೆ ನಿಲ್ಲುವುದು ಕಷ್ಟ. ನಿಮ್ಮ ಪುಟ್ಟ ಗೊಬ್ಬರದ ಮಡಕೆ 55 ಮುಟ್ಟುವುದು ಅನುಮಾನ. ಎರೆಹುಳುವಂತೂ 35 ಡಿಗ್ರಿ ದಾಟಿದರೆ ಬದುಕುವುದಿಲ್ಲ, ಅದರ ಗೊಬ್ಬರ ಕಾಯುವ ಮಾತೇ ಇಲ್ಲ. ಆದ್ದರಿಂದ ಮಡಕೆಗೆ ಸಗಣಿ, ನಾಯಿ-ಬೆಕ್ಕಿನ ಹೇಲು ಹಾಕಬೇಡಿ. ಗೊಬ್ಬರ ತಿಂಗಳುಗಟ್ಟಲೆ ಮಾಗಲಿ. ಸೊಪ್ಪನ್ನು ಹರಿಯುವ ನೀರಿನಲ್ಲಿ ತೊಳೆಯಿರಿ, ಬೇಯಿಸಿ ತಿನ್ನಿ. ಊರಲ್ಲಿ ದೊಡ್ಡ ತಿಪ್ಪೆ ಇರುವವರು ಮಾತ್ರ ಇವತ್ತೇ ಒಂದು ಸಲಾಕೆ ಚುಚ್ಚಿ ನೋಡಿ!