ಗ್ರಂಜ್ ಸಂಗೀತದ ಅಗಲಿದ ಕಲಾವಿದರು

ಗ್ರಂಜ್ ಎಂಬುದು 1980ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರ ಹಾಗೂ ಅದರ ಸುತ್ತಮುತ್ತ ಬೆಳೆದ ರಾಕ್ ಸಂಗೀತದ ಒಂದು ಪ್ರಕಾರ. ಪಂಕ್ ರಾಕ್‌ನ ಒರಟುತನ ಮತ್ತು ಹೆವಿ ಮೆಟಲ್‌ನ ಭಾರವಾದ ಗಿಟಾರ್ ನಾದ ಇದರಲ್ಲಿ ಬೆರೆತಿವೆ. ಒಂಟಿತನ, ಮಾನಸಿಕ ನೋವು ಮತ್ತು ವ್ಯಸನ ಇದರ ಸಾಹಿತ್ಯದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ವಸ್ತುಗಳು. ಈ ಪ್ರಕಾರದ ಹಲವು ಪ್ರಮುಖ ಕಲಾವಿದರು ಅಕಾಲ ಮರಣಕ್ಕೆ ತುತ್ತಾದುದರಿಂದ, ಅಗಲಿದವರ ಸ್ಮರಣೆಯು ಗ್ರಂಜ್ ಇತಿಹಾಸದ ಅವಿಭಾಜ್ಯ ಅಂಗವಾಗಿದೆ.

ಆಂಡ್ರ್ಯೂ ವುಡ್

ಮದರ್ ಲವ್ ಬೋನ್ ತಂಡದ ಗಾಯಕ ಆಂಡ್ರ್ಯೂ ವುಡ್ 1990ರ ಮಾರ್ಚ್ 19ರಂದು, ಅತಿಯಾದ ಹೆರಾಯಿನ್ ಸೇವನೆಯ ಪರಿಣಾಮವಾಗಿ ತಮ್ಮ 24ನೆಯ ವಯಸ್ಸಿನಲ್ಲಿ ನಿಧನರಾದರು. ತಂಡದ ಮೊದಲ ಪೂರ್ಣ ಆಲ್ಬಮ್ 'ಆಪಲ್' ಅವರ ಮರಣಾನಂತರ ಬಿಡುಗಡೆಯಾಯಿತು. ವುಡ್ ಅವರೊಂದಿಗೆ ಹಿಂದೆ ಒಂದೇ ಮನೆಯಲ್ಲಿ ವಾಸಿಸಿದ್ದ ಸೌಂಡ್‌ಗಾರ್ಡನ್ ತಂಡದ ಗಾಯಕ ಕ್ರಿಸ್ ಕಾರ್ನೆಲ್, ಗೆಳೆಯನ ನೆನಪಿನಲ್ಲಿ ಹಾಡುಗಳನ್ನು ರಚಿಸಿದರು. ಇದರಿಂದ ಹುಟ್ಟಿದ ಟೆಂಪಲ್ ಆಫ್ ದಿ ಡಾಗ್ ತಂಡದ ಆಲ್ಬಮ್ 1991ರ ಏಪ್ರಿಲ್‌ನಲ್ಲಿ ಹೊರಬಂದಿತು. ವುಡ್ ಅವರ ಸಹವಾದಕರಾಗಿದ್ದ ಸ್ಟೋನ್ ಗೊಸಾರ್ಡ್ ಮತ್ತು ಜೆಫ್ ಅಮೆಂಟ್ ಇದರಲ್ಲಿ ನುಡಿಸಿದರು; ಇವರಿಬ್ಬರೇ ಮುಂದೆ ಪರ್ಲ್ ಜಾಮ್ ತಂಡವನ್ನು ಕಟ್ಟಿದವರು. ಹೀಗೆ ಗ್ರಂಜ್ ಜಗತ್ತಿಗೆ ಪರಿಚಿತವಾಗುವ ಮೊದಲೇ ಅದರ ಕಲಾವಿದರು ಸಾವಿನ ದುಃಖವನ್ನು ಹಾಡಾಗಿಸಿದ್ದರು.

1993 ಮತ್ತು 1994

1991ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ನಿರ್ವಾಣ ತಂಡದ 'ನೆವರ್‌ಮೈಂಡ್' ಆಲ್ಬಮ್, 1992ರ ಜನವರಿಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಖ್ಯಾತಿಯ ಬೆನ್ನಿಗೇ ಸಾವುಗಳೂ ಬಂದವು.

ದಿ ಗಿಟ್ಸ್ ತಂಡದ ಗಾಯಕಿ ಮಿಯಾ ಝಪಾಟಾ 1993ರ ಜುಲೈ 7ರಂದು ಸಿಯಾಟಲ್‌ನಲ್ಲಿ ಕೊಲೆಯಾದರು. ಅವರ ಗೆಳೆಯರು ಹೋಮ್ ಅಲೈವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಆತ್ಮರಕ್ಷಣೆಯ ತರಬೇತಿ ನೀಡತೊಡಗಿದರು. ಡಿಎನ್‌ಎ ಸಾಕ್ಷ್ಯದ ನೆರವಿನಿಂದ ಅಪರಾಧಿಗೆ ಶಿಕ್ಷೆಯಾದದ್ದು 2004ರಲ್ಲಿ. ನಿರ್ವಾಣ ತಂಡದ ಗಾಯಕ ಕರ್ಟ್ ಕೋಬೈನ್ 1994ರ ಏಪ್ರಿಲ್ 5ರಂದು ಆತ್ಮಹತ್ಯೆ ಮಾಡಿಕೊಂಡರು. ಏಪ್ರಿಲ್ 10ರಂದು ಸಿಯಾಟಲ್ ಸೆಂಟರ್‌ನಲ್ಲಿ ಸಾವಿರಾರು ಅಭಿಮಾನಿಗಳು ಸೇರಿ ಶ್ರದ್ಧಾಂಜಲಿ ಸಲ್ಲಿಸಿದರು. ಅದೇ ವರ್ಷದ ಜೂನ್‌ನಲ್ಲಿ ಹೋಲ್ ತಂಡದ ಬಾಸ್ ಗಿಟಾರ್ ವಾದಕಿ ಕ್ರಿಸ್ಟನ್ ಫಾಫ್ ಹೆರಾಯಿನ್ ಸೇವನೆಯಿಂದ ಮೃತಪಟ್ಟರು.

ಈ ಮೂವರೂ 27ನೆಯ ವಯಸ್ಸಿನಲ್ಲಿ ತೀರಿಕೊಂಡವರು. ಆ ವಯಸ್ಸಿನ ಸುತ್ತ ಜನಪ್ರಿಯ ಕಥನವೊಂದು ಬೆಳೆದಿದೆ. ಆದರೆ ಒಂದು ಕೊಲೆ, ಒಂದು ಆತ್ಮಹತ್ಯೆ, ಒಂದು ಮಾದಕವಸ್ತು ಸೇವನೆಯ ಸಾವು — ಇವುಗಳ ಕಾರಣಗಳು ಬೇರೆ ಬೇರೆಯಾಗಿದ್ದು, ವಯಸ್ಸಿನ ಹೋಲಿಕೆ ಅವುಗಳನ್ನು ವಿವರಿಸುವುದಿಲ್ಲ.

ನಂತರದ ವರ್ಷಗಳು

ಆಲಿಸ್ ಇನ್ ಚೈನ್ಸ್ ತಂಡದ ಗಾಯಕ ಲೇನ್ ಸ್ಟೇಲಿ ದೀರ್ಘಕಾಲದ ವ್ಯಸನದ ಬಳಿಕ 2002ರ ಏಪ್ರಿಲ್‌ನಲ್ಲಿ, 34ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಮರಣಿಸಿದ ವಿಷಯ ಹೊರಜಗತ್ತಿಗೆ ತಿಳಿದದ್ದು ಸುಮಾರು ಎರಡು ವಾರಗಳ ನಂತರ. ತಂಡವು 2009ರ ತನ್ನ ಆಲ್ಬಮ್‌ನ ಶೀರ್ಷಿಕೆ ಗೀತೆಯನ್ನು ಅವರ ಸ್ಮರಣೆಗೆ ಮೀಸಲಿಟ್ಟಿತು. ಅದರಲ್ಲಿ ಪಿಯಾನೊ ನುಡಿಸಿದವರು ಎಲ್ಟನ್ ಜಾನ್. ಗೆಳೆಯನಿಗಾಗಿ ಹಾಡು ಕಟ್ಟಿದ್ದ ಕ್ರಿಸ್ ಕಾರ್ನೆಲ್ 2017ರ ಮೇ 18ರಂದು ಡೆಟ್ರಾಯಿಟ್‌ನಲ್ಲಿ, 52ನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಸ್ಕ್ರೀಮಿಂಗ್ ಟ್ರೀಸ್ ತಂಡದ ಮಾರ್ಕ್ ಲ್ಯಾನೆಗನ್ 2022ರಲ್ಲಿ ಐರ್ಲೆಂಡಿನಲ್ಲಿ ನಿಧನರಾದರು.

ಅಭಿಮಾನಿಗಳ ಸ್ಮರಣೆ

ಅಭಿಮಾನಿಗಳ ಸ್ಮರಣೆಯು ಹಾಡುಗಳ ಜೊತೆಗೆ ಕೆಲವು ಸ್ಥಳಗಳಿಗೂ ಅಂಟಿಕೊಂಡಿದೆ. ಕೋಬೈನ್ ಅವರ ಸಿಯಾಟಲ್ ನಿವಾಸದ ಪಕ್ಕದಲ್ಲಿರುವ ವಿರೆಟ್ಟಾ ಉದ್ಯಾನದ ಬೆಂಚುಗಳ ಮೇಲೆ ಅಭಿಮಾನಿಗಳು ಸಂದೇಶಗಳನ್ನು ಬರೆಯುತ್ತಾರೆ, ಹೂವುಗಳನ್ನಿಡುತ್ತಾರೆ. ಅವರ ಹುಟ್ಟೂರಾದ ಅಬರ್ಡೀನ್‌ನಲ್ಲಿ ಅವರ ಹೆಸರಿನ ಉದ್ಯಾನವಿದೆ. 2018ರಲ್ಲಿ ಸಿಯಾಟಲ್‌ನ ಪಾಪ್ ಸಂಸ್ಕೃತಿ ವಸ್ತುಸಂಗ್ರಹಾಲಯದ ಹೊರಗೆ ಕಾರ್ನೆಲ್ ಅವರ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಸೌಂಡ್‌ಗಾರ್ಡನ್ ತಂಡಕ್ಕೆ ಹೆಸರು ಬಂದದ್ದು ಇದೇ ನಗರದಲ್ಲಿರುವ, ಗಾಳಿ ಬೀಸಿದಾಗ ನಾದ ಹೊಮ್ಮಿಸುವ ಲೋಹದ ಕೊಳವೆಗಳ ಶಿಲ್ಪವೊಂದರಿಂದ. ಕಾರ್ನೆಲ್ ಅವರ ನಿಧನಾನಂತರ ಅದೂ ಅಭಿಮಾನಿಗಳು ಅವರನ್ನು ನೆನೆಯುವ ತಾಣವಾಯಿತು.